ಗೂನು ಬೆನ್ನಿನ ರಾಜ: ತೆರೆಯ ಮೇಲೆ ಮೂರನೇ ರಿಚರ್ಡ್

ಇಂಗ್ಲೆಂಡಿನ ಮೂರನೇ ರಿಚರ್ಡ್‌ನನ್ನು ತೆರೆಯ ಮೇಲೆ ಹುಡುಕಿದರೆ ಇಬ್ಬರು ರಿಚರ್ಡ್‌ಗಳು ಸಿಗುತ್ತಾರೆ. 2013ರ ಬಿಬಿಸಿ ಧಾರಾವಾಹಿ ‘ದ ವೈಟ್ ಕ್ವೀನ್’ನಲ್ಲಿ ಅವನು ನೆಟ್ಟಗೆ ನಿಲ್ಲುವ ಚೆಲುವ. 2016ರಲ್ಲಿ ಅದೇ ಬಿಬಿಸಿಯ ‘ದ ಹಾಲೋ ಕ್ರೌನ್’ನಲ್ಲಿ ಬೆನ್ನು ಬಾಗಿದ ಕೊಲೆಗಾರ. ಇವರಲ್ಲಿ ಯಾರನ್ನು ನಂಬೋದು?

ಅವನು ಆಳಿದ್ದು ಬರೀ ಎರಡು ವರ್ಷ. 1483ರಲ್ಲಿ ಅಣ್ಣ ನಾಲ್ಕನೇ ಎಡ್ವರ್ಡ್ ತೀರಿಕೊಂಡಾಗ ಪಟ್ಟ ಸಲ್ಲಬೇಕಾಗಿದ್ದು ಅಣ್ಣನ 12 ವರ್ಷದ ಮಗನಿಗೆ. ಆ ಹುಡುಗನನ್ನೂ ಅವನ 9 ವರ್ಷದ ತಮ್ಮನನ್ನೂ ಲಂಡನ್ ಟವರ್ ಎಂಬ ಕೋಟೆಯಲ್ಲಿ ಇರಿಸಿದರು. ಆಮೇಲೆ ಅವರು ಯಾರ ಕಣ್ಣಿಗೂ ಬೀಳಲಿಲ್ಲ. ಚಿಕ್ಕಪ್ಪ ರಿಚರ್ಡ್ ಸಿಂಹಾಸನ ಏರಿದ. 1485ರ ಆಗಸ್ಟ್ 22ರಂದು ಬಾಸ್‌ವರ್ತ್ ಕಾಳಗದಲ್ಲಿ ಸತ್ತಾಗ ಅವನಿಗೆ 32 ವರ್ಷ. ಗೆದ್ದ ಹೆನ್ರಿ ಟ್ಯೂಡರ್ ರಾಜನಾದ. ಸುಮಾರು ನೂರು ವರ್ಷದ ಬಳಿಕ ಶೇಕ್ಸ್‌ಪಿಯರ್ ನಾಟಕ ಬರೆದಾಗ ಆಳುತ್ತಿದ್ದವಳು ಆ ಹೆನ್ರಿಯ ಮೊಮ್ಮಗಳು ಎಲಿಜಬೆತ್. ಸೋತವನ ಪರವಾಗಿ ಬರೆಯುವ ಕಾಲ ಅದಲ್ಲ. ನಾಟಕದ ರಿಚರ್ಡ್‌ಗೆ ಗೂನು, ಸೊರಗಿದ ಕೈ, ಕುಂಟು ನಡಿಗೆ ಎಲ್ಲವೂ ಇವೆ. ಮಂಥರೆಯನ್ನು ಬಲ್ಲ ನಮಗೆ ಈ ಲೆಕ್ಕ ಹೊಸದಲ್ಲ: ಬೆನ್ನು ಡೊಂಕಾದರೆ ಮನಸ್ಸೂ ಡೊಂಕು.

ಸಿನಿಮಾ ಈ ಲೆಕ್ಕವನ್ನು ಹಾಗೇ ಎತ್ತಿಕೊಂಡಿತು. 1912ರ ಮೂಕಿ ಚಿತ್ರದಿಂದ 1939ರ ಭಯಾನಕ ಚಿತ್ರದವರೆಗೆ ರಿಚರ್ಡ್ ಖಳನೇ.

ಆದರೆ ಜನರ ಮನಸ್ಸಿನಲ್ಲಿ ಅಚ್ಚೊತ್ತಿದ್ದು 1955ರಲ್ಲಿ ಬ್ರಿಟಿಷ್ ನಟ ಲಾರೆನ್ಸ್ ಒಲಿವಿಯರ್ ಆ ನಾಟಕದಿಂದ ಮಾಡಿದ ಚಿತ್ರ. ಅಂಟಿಸಿದ ಉದ್ದ ಮೂಗು, ಭುಜದವರೆಗೆ ಕಪ್ಪು ಕೂದಲು, ಕುಂಟು ನಡಿಗೆ. ಅವನು ಕ್ಯಾಮೆರಾಕ್ಕೇ ಮುಖ ಕೊಟ್ಟು, ನಮ್ಮನ್ನೂ ಸಂಚಿನಲ್ಲಿ ಸೇರಿಸಿಕೊಂಡವನ ಹಾಗೆ ಮಾತಾಡುತ್ತಾನೆ. ಅಮೆರಿಕದಲ್ಲಿ 1956ರ ಮಾರ್ಚ್ 11ರಂದು ಚಿತ್ರಮಂದಿರಕ್ಕೆ ಬಂದ ದಿನವೇ ಎನ್‌ಬಿಸಿ ಇದನ್ನು ಟಿವಿಯಲ್ಲೂ ತೋರಿಸಿತು. ಆ ರೂಪ ಎಷ್ಟು ಪರಿಚಿತವಾಯಿತೆಂದರೆ, 1965ರಲ್ಲಿ ಹಾಸ್ಯನಟ ಪೀಟರ್ ಸೆಲ್ಲರ್ಸ್ ಅದೇ ವೇಷ ಹಾಕಿ, ಅದೇ ದನಿಯಲ್ಲಿ ಬೀಟಲ್ಸ್ ಹಾಡೊಂದನ್ನು ಟಿವಿಯಲ್ಲಿ ಒಪ್ಪಿಸಿದ. ಯಾರ ಅಣಕ ಅಂತ ಬಿಡಿಸಿ ಹೇಳಬೇಕಾಗಿರಲಿಲ್ಲ. ಒಲಿವಿಯರ್ ಚಿತ್ರದ ಮೊದಲಲ್ಲೇ, ಇದು ಕಿರೀಟಕ್ಕೆ ಅಂಟಿಕೊಂಡ ದಂತಕತೆಗಳಲ್ಲೊಂದು ಅಂತ ಬರಹ ಬರುತ್ತದೆ. ಅದು ಒಳ್ಳೆಯ ಮಾತು. ಆದರೆ ಎರಡೂವರೆ ಗಂಟೆ ಆ ಮುಖ ನೋಡಿದ ಮೇಲೆ ಆ ಬರಹ ಎಷ್ಟು ಜನರ ನೆನಪಲ್ಲಿ ಉಳಿದೀತು?

ಇನ್ನೊಂದು ಕಡೆ, 1924ರಿಂದಲೇ ಇಂಗ್ಲೆಂಡಿನಲ್ಲಿ ರಿಚರ್ಡ್ ಪರ ವಾದಿಸುವ ಸಂಘವೊಂದಿತ್ತು. ಅವನ ಹಳೆಯ ಚಿತ್ರಪಟವೊಂದನ್ನು ಎಕ್ಸ್‌ರೇ ಮಾಡಿದಾಗ, ಭುಜ ಎತ್ತರ ಕಾಣುವಂತೆ ಆಮೇಲೆ ಬಣ್ಣ ಬಳಿದಿದ್ದು ಗೊತ್ತಾಯಿತು. ಗೂನು ಬರೀ ಕಟ್ಟುಕತೆ ಎಂಬ ವಾದಕ್ಕೆ ಬಲ ಬಂತು. ಆದರೂ ತೆರೆಯ ಮೇಲೆ ಅವನು ಖಳನೇ: 1995ರಲ್ಲಿ ನಟ ಇಯಾನ್ ಮೆಕೆಲನ್ ಚಿತ್ರ ಕತೆಯನ್ನು 1930ರ ದಶಕಕ್ಕೆ ತಂದು ಅವನನ್ನು ಫ್ಯಾಸಿಸ್ಟ್ ಸರ್ವಾಧಿಕಾರಿ ಮಾಡಿತು.

2012ರ ಸೆಪ್ಟೆಂಬರಿನಲ್ಲಿ ಲೆಸ್ಟರ್ ನಗರದ ಕಾರ್ ಪಾರ್ಕಿಂಗ್ ಕೆಳಗೆ ಅಸ್ಥಿಪಂಜರ ಸಿಕ್ಕಿತು. 2013ರ ಫೆಬ್ರವರಿಯಲ್ಲಿ ಡಿಎನ್‌ಎ ನೆರವಿನಿಂದ ಅದು ರಿಚರ್ಡ್‌ನದ್ದೇ ಎಂದು ಖಚಿತವಾಯಿತು. ಬೆನ್ನುಮೂಳೆ ಪಕ್ಕಕ್ಕೆ ಬಾಗಿತ್ತು. ಆದರೆ ಗೂನು ಇರಲಿಲ್ಲ, ಕೈ ಸೊರಗಿರಲಿಲ್ಲ. ಸರಿಯಾಗಿ ಹೊಲಿದ ಬಟ್ಟೆಯೊಳಗೆ ಆ ಡೊಂಕು ಅಷ್ಟಾಗಿ ಕಾಣುತ್ತಿರಲಿಲ್ಲ. ಎರಡು ಕಡೆಯವರೂ ಅರ್ಧರ್ಧ ಸರಿ, ಅರ್ಧರ್ಧ ತಪ್ಪು. 2015ರ ಮಾರ್ಚ್‌ನಲ್ಲಿ ಲೆಸ್ಟರ್ ಕತೀಡ್ರಲ್‌ನಲ್ಲಿ ಅವನನ್ನು ಮತ್ತೆ ಮಣ್ಣು ಮಾಡುವಾಗ ಕವಿತೆ ಓದಿದವನು ನಟ ಬೆನೆಡಿಕ್ಟ್ ಕಂಬರ್‌ಬ್ಯಾಚ್. ಮರುವರ್ಷ ಅವನೇ ಕೃತಕ ಗೂನು ಧರಿಸಿ ‘ದ ಹಾಲೋ ಕ್ರೌನ್’ನಲ್ಲಿ ರಿಚರ್ಡ್ ಆದ. ಮೂಳೆ ಏನೇ ಹೇಳಿದರೂ ನಾಟಕಕ್ಕೆ ಗೂನು ಬೇಕೇ ಬೇಕಾಯಿತು.

2022ರ ‘ದ ಲಾಸ್ಟ್ ಕಿಂಗ್’ ಪೂರ್ತಿ ಆಚೆ ದಡಕ್ಕೆ ಹೋಯಿತು. ಮೂಳೆ ಹುಡುಕಲು ಹೋರಾಡಿದ ಮಹಿಳೆಯ ಕತೆ ಅದು. ಅದರಲ್ಲಿ ರಿಚರ್ಡ್ ಮೆದು ಮುಖದ ನೆರಳಾಗಿ ಅವಳ ಜೊತೆ ಓಡಾಡುತ್ತಾನೆ. ಚಿತ್ರ ಮನಸ್ಸು ಮುಟ್ಟುತ್ತದೆ, ನಿಜ. ಆದರೂ ಒಂದು ಮಾತು ಕಾಡುತ್ತದೆ. ಬೆನ್ನಿನ ಬಗ್ಗೆ ಸುಳ್ಳು ಹೇಳಿದ್ದರು ಅಂದ ಮಾತ್ರಕ್ಕೆ ಟವರ್‌ನಲ್ಲಿ ಕಾಣೆಯಾದ ಮಕ್ಕಳ ವಿಷಯ ಇತ್ಯರ್ಥ ಆಗಿಬಿಡೋದಿಲ್ಲ, ಅಲ್ವಾ?

ತೆರೆಯ ಮೇಲೆ ಆ ಹುಡುಗರಿಗೆ ಸಿಗೋದು ಒಂದೆರಡು ದೃಶ್ಯ ಮಾತ್ರ. 1674ರಲ್ಲಿ ಟವರ್‌ನ ಮೆಟ್ಟಿಲ ಕೆಳಗೆ ಇಬ್ಬರು ಮಕ್ಕಳ ಮೂಳೆಗಳು ಸಿಕ್ಕವು. ಅವೇ ಆ ರಾಜಕುಮಾರರದ್ದು ಎಂದು ನಂಬಿ ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಇಟ್ಟರು. 1933ರಲ್ಲೊಮ್ಮೆ ತೆರೆದು ನೋಡಿ ಮತ್ತೆ ಮುಚ್ಚಿದರು. ಡಿಎನ್‌ಎ ಪರೀಕ್ಷೆ ಮಾತ್ರ ಆಗಿಲ್ಲ.