‘ಟ್ಯಾಕ್ಸ್ ಕಟ್ ಆಗಿದೆಯಲ್ಲ ಸಾರ್!’

ಜುಲೈ ಬಂತೆಂದರೆ ನನ್ನ ಆಡಿಟ್ ಆಫೀಸಿನಲ್ಲಿ ಒಂದೇ ರಾಗ. “ಆರ್‌ಎಸ್‌ಯುಗೆ ಟ್ಯಾಕ್ಸ್ ಕಟ್ ಆಗಿದೆಯಲ್ಲ ಸಾರ್, ಮತ್ತೆ ರಿಟರ್ನ್‌ನಲ್ಲಿ ಯಾಕೆ ತೋರಿಸಬೇಕು?” ಆರ್‌ಎಸ್‌ಯು ಅಂದರೆ ಕಂಪನಿ ಸಂಬಳದ ಜೊತೆ ಕೊಡುವ ಷೇರು. ಕೇಳುವವರೇನು ದಡ್ಡರಲ್ಲ, ಚಿಪ್ ವಿನ್ಯಾಸ ಮಾಡುವಂಥವರು. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂತು. ಅದರ ಹಿಂದೆ ಎಷ್ಟೋ ಬಹುರಾಷ್ಟ್ರೀಯ ಕಂಪನಿಗಳು ಬಂದವು. ಸಂಬಳದ ಜೊತೆ ಮಾತೃ ಕಂಪನಿಯ ಷೇರು ಕೊಡುವುದೂ ಮಾಮೂಲಾಯಿತು.

ಷೇರು ವೆಸ್ಟ್ ಆದ ದಿನ, ಅಂದರೆ ಅದು ನಿಮ್ಮದಾದ ದಿನ, ಅದರ ಬೆಲೆ ಸಂಬಳಕ್ಕೆ ಸೇರುತ್ತದೆ. ಸಾಮಾನ್ಯವಾಗಿ ಒಂದಷ್ಟು ಷೇರು ಮಾರಿ ಟಿಡಿಎಸ್ ಕಟ್ಟುತ್ತಾರೆ. ಅಲ್ಲಿಗೆ ಆದಾಯದ ಲೆಕ್ಕ ಮುಗಿಯಿತು. ಉಳಿದ ಷೇರು ಮಾತ್ರ ವಿದೇಶದಲ್ಲಿರುವ ನಿಮ್ಮ ಆಸ್ತಿ. ಅದನ್ನು ರಿಟರ್ನ್‌ನ ಶೆಡ್ಯೂಲ್ ಎಫ್‌ಎಯಲ್ಲಿ, ಅಂದರೆ ವಿದೇಶಿ ಆಸ್ತಿಯ ಪಟ್ಟಿಯಲ್ಲಿ, ಬೇರೆಯಾಗಿ ತೋರಿಸಬೇಕು. ಸಂಬಳಕ್ಕೆ ತೆರಿಗೆ ಕಟ್ಟಿದ್ದೇನೆ ಅಂತ ಅದೇ ದುಡ್ಡಲ್ಲಿ ಕೊಂಡ ಸೈಟನ್ನು ರಿಜಿಸ್ಟರ್ ಮಾಡಿಸದೆ ಬಿಡ್ತೀರಾ? ಇಲ್ಲ ಅಲ್ವಾ? ಮಾರದಿದ್ದರೂ ತೋರಿಸಬೇಕು. ನಷ್ಟದಲ್ಲಿದ್ದರೂ ತೋರಿಸಬೇಕು. ವರ್ಷದ ಮಧ್ಯೆ ಮಾರಿಬಿಟ್ಟಿದ್ದರೂ ತೋರಿಸಬೇಕು. ಇಲ್ಲಿನ ವರ್ಷ ಅಂದರೆ ಜನವರಿಯಿಂದ ಡಿಸೆಂಬರ್, ಏಪ್ರಿಲ್-ಮಾರ್ಚ್ ಅಲ್ಲ.

ಒಬ್ಬ ಹುಡುಗ ಕೆಲಸ ಬದಲಿಸಿ, ಹಳೆ ಕಂಪನಿಯ ಬ್ರೋಕರ್ ಖಾತೆಯನ್ನೇ ಮರೆತಿದ್ದ. ಅಮೆರಿಕದ ಜೊತೆ 2015ರಲ್ಲಾದ ಒಪ್ಪಂದದ ಪ್ರಕಾರ ಇಂಥ ಖಾತೆಗಳ ಮಾಹಿತಿ ನಮ್ಮ ಇಲಾಖೆಗೆ ಬರುತ್ತದೆ. 2024ರ ನವೆಂಬರ್‌ನಲ್ಲಿ ಇಲಾಖೆಯ ಮೆಸೇಜ್ ಬಂದಾಗ ಅಪ್ಪನನ್ನು ಕರೆದುಕೊಂಡು ಓಡಿ ಬಂದ. ಅಪ್ಪ ಬ್ಯಾಂಕಿನಲ್ಲಿ ದುಡಿದು ನಿವೃತ್ತರಾದವರು. “ಒಂದು ಫಾರಂ ತುಂಬೋಕೆ ಏನ್ ರೋಗ ಇವನಿಗೆ?” ಅಂದರು. ನಾನು ಬೈಯುವ ಕೆಲಸ ತಪ್ಪಿತು. ಗಡುವು ಮುಗಿದಿರಲಿಲ್ಲ, ಪರಿಷ್ಕೃತ ರಿಟರ್ನ್ ಹಾಕಿದೆವು.

ಕಪ್ಪು ಹಣ ಕಾಯ್ದೆಯಡಿ ಈ ಲೋಪಕ್ಕೆ 10 ಲಕ್ಷ ರೂಪಾಯಿ ದಂಡ ಹಾಕಬಹುದು. 2024ರ ಅಕ್ಟೋಬರ್ 1ರಿಂದ, ಸ್ಥಿರಾಸ್ತಿ ಬಿಟ್ಟು ಉಳಿದ ವಿದೇಶಿ ಆಸ್ತಿಯ ಒಟ್ಟು ಮೌಲ್ಯ 20 ಲಕ್ಷ ಮೀರದಿದ್ದರೆ ಆ ದಂಡವಿಲ್ಲ. ಇದನ್ನು ಓದಿ ಕೆಲವರು ಖುಷಿಯಾಗಿದ್ದಾರೆ. ವಿನಾಯಿತಿ ಇರುವುದು ದಂಡಕ್ಕೆ, ತೋರಿಸುವುದಕ್ಕಲ್ಲ.

ಆನ್‌ಸೈಟ್‌ನಿಂದ (ಕಂಪನಿ ಕಳಿಸಿದ ವಿದೇಶದ ಕೆಲಸದಿಂದ) ಈಚೆಗೆ ವಾಪಸಾದವರ ವಿಷಯ ಬೇರೆ. ಇಲ್ಲಿ ಎಷ್ಟು ದಿನ ಇದ್ದಿರಿ ಎಂಬುದರ ಮೇಲೆ ಕೆಲವರಿಗೆ ಈ ಶೆಡ್ಯೂಲೇ ಬೇಕಾಗದೆ ಇರಬಹುದು. ಗೆಳೆಯ ಹೇಳಿದ ಅಂತ ನೀವೇ ತೀರ್ಮಾನಿಸಬೇಡಿ, ಪಾಸ್‌ಪೋರ್ಟ್ ಹಿಡಿದು ನಿಮ್ಮ ಆಡಿಟರ್ ಹತ್ತಿರ ಹೋಗಿ. ಜುಲೈ 31ರ ರಾತ್ರಿ ಅದರ ಫೋಟೊ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಬೇಡಿ, ದಯವಿಟ್ಟು.