ಸಿಲಿಂಡರ್ ಚಳಿಯಲ್ಲಿ, ನಾವು ಬೆಚ್ಚಗೆ

ಸ್ಕಾಟ್ಲೆಂಡಿನ ಹೈಲ್ಯಾಂಡ್ಸ್ ಕಡೆ ಜನವರಿಯಲ್ಲಿ ಸಂಜೆ ನಾಲ್ಕಕ್ಕೆಲ್ಲ ಸೂರ್ಯ ಮುಳುಗಿರುತ್ತಾನೆ. ಮತ್ತೆ ಹುಟ್ಟುವುದು ಬೆಳಗ್ಗೆ ಎಂಟೂವರೆ ದಾಟಿದ ಮೇಲೆ. ಏವಿಮೋರ್ ಹತ್ತಿರ ಕ್ಯಾಂಪರ್‌ವ್ಯಾನ್ ನಿಲ್ಲಿಸಿದವರು ಹದಿನಾರು ಹದಿನೇಳು ಗಂಟೆಯನ್ನು ಆ ಗಾಡಿಯೊಳಗೇ ಕಳೆಯಬೇಕು. ಅಡುಗೆ, ಊಟ, ನಿದ್ದೆ ಎಲ್ಲ ಅಲ್ಲೇ. ಹೊರಗೆ ಮೈನಸ್ 5 ಡಿಗ್ರಿ ಅಪರೂಪವೇನಲ್ಲ. ಅಲ್ಲಿಂದ ಬೆಟ್ಟದ ಆಚೆಗಿರುವ ಬ್ರೇಮಾರ್‌ನಲ್ಲಿ 1982ರ ಜನವರಿ 10ರಂದು ಮೈನಸ್ 27.2 ಡಿಗ್ರಿ ದಾಖಲಾಗಿತ್ತು. ಬ್ರಿಟನ್ನಿನಲ್ಲಿ ಅದಕ್ಕಿಂತ ಕಡಿಮೆ ಉಷ್ಣಾಂಶ ಯಾವತ್ತೂ ದಾಖಲಾಗಿಲ್ಲ.

ಬ್ರಿಟನ್ನಿನಲ್ಲಿ ಕೆಲಸ ಮಾಡುವ ನಮ್ಮ ಕನ್ನಡದ ಹುಡುಗರು ಕ್ರಿಸ್‌ಮಸ್ ರಜೆಗೆ ವ್ಯಾನ್ ಬಾಡಿಗೆಗೆ ಹಿಡಿದು ಆ ಕಡೆ ಹೊರಡುವುದುಂಟು. ಹೊರಡುವ ಮುಂಚೆ ರಗ್ಗು, ಥರ್ಮಲ್, ಹೀಟರ್ ಎಷ್ಟು ದೊಡ್ಡದು ಅಂತೆಲ್ಲ ವಿಚಾರಿಸುತ್ತಾರೆ. ಸಿಲಿಂಡರ್ ಬಗ್ಗೆ ಯಾರೂ ಕೇಳುವುದಿಲ್ಲ. ಆದರೆ ಹೀಟರ್ ಓಡುವುದೇ ಅದರ ಗ್ಯಾಸಿನಿಂದ, ಇಡೀ ರಾತ್ರಿ ನಿಂತಿರುವುದು ಅದರ ಮೇಲೆ. ಅದರೊಳಗೆ ಯಾವ ಗ್ಯಾಸ್ ಇದೆ, ಅದನ್ನು ಎಲ್ಲಿ ಇಟ್ಟಿದ್ದಾರೆ, ನಡುರಾತ್ರಿ ಖಾಲಿಯಾದರೆ ಕೈಗೆ ಸಿಗುತ್ತಾ? ಮೊದಲು ಕೇಳಬೇಕಾದ್ದು ಇವನ್ನು.

ಸಿಲಿಂಡರ್ ಅಲ್ಲಾಡಿಸಿದರೆ ಒಳಗೆ ಏನೋ ಕುಲುಕುತ್ತದೆ, ಅಲ್ವಾ? ಅದು ದ್ರವ. ಒತ್ತಡ ಹಾಕಿ ಗ್ಯಾಸನ್ನು ದ್ರವ ಮಾಡಿ ತುಂಬಿರುತ್ತಾರೆ. ನಾಬ್ ತಿರುಗಿಸಿದಾಗ ಆ ದ್ರವ ಒಳಗೇ ಕುದಿದು ಆವಿಯಾಗುತ್ತದೆ, ಆ ಆವಿ ಬರ್ನರ್‌ಗೆ ಬರುತ್ತದೆ. ಕುದಿಯಬೇಕಾದರೆ ಶಾಖ ಬೇಕು. ಆ ಶಾಖವನ್ನು ಸಿಲಿಂಡರ್ ತನ್ನ ಸುತ್ತಲಿನ ಗಾಳಿಯಿಂದಲೇ ಎಳೆದುಕೊಳ್ಳುತ್ತದೆ. ಜೋರಾಗಿ ಗ್ಯಾಸ್ ಬಳಸುವಾಗ ಸಿಲಿಂಡರಿನ ಕೆಳಭಾಗ ಮುಟ್ಟಿ ನೋಡಿ, ತಣ್ಣಗಿರುತ್ತದೆ. ಚಳಿಯಲ್ಲಾದರೆ ದ್ರವ ಎಲ್ಲಿಯವರೆಗೆ ಇದೆಯೋ ಅಲ್ಲಿಯವರೆಗೆ ಬಿಳಿ ಮಂಜಿನ ಪಟ್ಟಿಯೇ ಕಟ್ಟಿಕೊಳ್ಳುತ್ತದೆ.

ಗ್ಯಾಸ್ ಮುಗಿಯುತ್ತಾ ಬಂದಾಗ ಸಿಲಿಂಡರನ್ನು ಬಿಸಿನೀರಿನ ಟಬ್ಬಿನಲ್ಲಿ ಇಡುವ ಉಪಾಯ ನಮ್ಮ ಎಷ್ಟೋ ಮನೆಗಳಲ್ಲಿ ಗೊತ್ತು. ಅದರ ಹಿಂದಿರುವುದು ಇದೇ ವಿಜ್ಞಾನ. ನಮ್ಮ 14.2 ಕೆಜಿ ಸಿಲಿಂಡರಿನಲ್ಲಿ ಪ್ರೊಪೇನ್ ಮತ್ತು ಬ್ಯುಟೇನ್ ಎರಡೂ ಬೆರೆತಿರುತ್ತವೆ. ಪ್ರೊಪೇನ್ ಸುಲಭವಾಗಿ ಆವಿಯಾಗುವಂಥದ್ದು, ಹಾಗಾಗಿ ಅದು ಮೊದಲೇ ಜಾಸ್ತಿ ಖರ್ಚಾಗುತ್ತದೆ. ಕೊನೆಗೆ ಉಳಿಯುವುದರಲ್ಲಿ ಬ್ಯುಟೇನ್ ಪಾಲು ಹೆಚ್ಚು. ಬೆಂಗಳೂರಿನ ಡಿಸೆಂಬರ್ ಬೆಳಗಿಗೇ ಅದು ಸ್ವಲ್ಪ ಮಂಕಾಗುತ್ತದೆ. ಬಿಸಿನೀರು ತಾಗಿದಾಗ ಮತ್ತೆ ಕುದಿಯುತ್ತದೆ.

ಈಗ ಎರಡು ಅಂಕಿ ನೆನಪಿಟ್ಟುಕೊಳ್ಳಿ. ನಮ್ಮ ಸುತ್ತಲಿನ ಗಾಳಿಯ ಒತ್ತಡದಲ್ಲಿ ಬ್ಯುಟೇನ್ ಕುದಿಯುವುದು ಮೈನಸ್ 0.5 ಡಿಗ್ರಿಯಲ್ಲಿ. ಪ್ರೊಪೇನ್ ಮೈನಸ್ 42ರಲ್ಲಿ. ಅಂದರೆ ಹೊರಗೆ ಸೊನ್ನೆ ಡಿಗ್ರಿ ಇದ್ದಾಗ ಬ್ಯುಟೇನ್ ಸಿಲಿಂಡರಿನ ಒಳಗಿನ ಒತ್ತಡವೂ ಹೊರಗಿನ ಒತ್ತಡವೂ ಹೆಚ್ಚುಕಮ್ಮಿ ಒಂದೇ. ಗ್ಯಾಸನ್ನು ಹೊರಗೆ ತಳ್ಳುವ ಶಕ್ತಿಯೇ ಇರುವುದಿಲ್ಲ. ಸಿಲಿಂಡರ್ ತುಂಬಿರುತ್ತದೆ, ಹೀಟರ್ ಹೊತ್ತಿಕೊಳ್ಳುವುದಿಲ್ಲ. ಬಳಸುತ್ತಾ ಬಳಸುತ್ತಾ ಸಿಲಿಂಡರ್ ಇನ್ನೂ ತಣ್ಣಗಾಗುವುದರಿಂದ, ಹೊರಗೆ ನಾಲ್ಕೈದು ಡಿಗ್ರಿ ಇರುವಾಗಲೇ ಬ್ಯುಟೇನ್ ತೊಂದರೆ ಕೊಡಲು ಶುರುಮಾಡುತ್ತದೆ. ಪ್ರೊಪೇನ್ ಹಾಗಲ್ಲ. ಮೈನಸ್ 20ರಲ್ಲೂ ಸಿಲಿಂಡರಿನ ಒಳಗಿನ ಒತ್ತಡ ಹೊರಗಿನದರ ಎರಡು ಪಟ್ಟಿಗಿಂತ ಹೆಚ್ಚಿರುತ್ತದೆ. ಬ್ರೇಮಾರ್‌ನ ಆ ದಾಖಲೆಯ ಚಳಿಯಲ್ಲೂ ಪ್ರೊಪೇನ್ ಬರುತ್ತಿತ್ತು. ಬ್ರಿಟನ್ನಿನಲ್ಲಿ ಕ್ಯಾಲರ್ ಕಂಪನಿಯ ನೀಲಿ ಸಿಲಿಂಡರ್ ಅಂದರೆ ಬ್ಯುಟೇನ್, ಕೆಂಪು ಅಂದರೆ ಪ್ರೊಪೇನ್. ಚಳಿಗಾಲಕ್ಕೆ ಕೆಂಪೇ ಬೇಕು. ಇದರಲ್ಲಿ ರಾಜಿ ಬೇಡ.

ಹಾಗಿದ್ದರೆ ಸಿಲಿಂಡರನ್ನೇ ಒಳಗೆ, ನಮ್ಮ ಜೊತೆ ಬೆಚ್ಚಗೆ ಇಟ್ಟುಕೊಂಡರೆ ಆಗಲ್ವಾ? ಕೇಳುವುದಕ್ಕೆ ಸರಿಯಾದ ಪ್ರಶ್ನೆಯೇ. ಆದರೆ ಉತ್ತರ ಖಂಡಿತ ಬೇಡ ಅಂತ. ಪ್ರೊಪೇನ್ ಗಾಳಿಗಿಂತ ಒಂದೂವರೆ ಪಟ್ಟು ಭಾರ, ಬ್ಯುಟೇನ್ ಎರಡು ಪಟ್ಟು. ಸೋರಿದ ಗ್ಯಾಸ್ ಮೇಲಕ್ಕೆ ಹೋಗಿ ಕಿಟಕಿಯಿಂದ ಆಚೆ ಹೋಗುವುದಿಲ್ಲ. ನೆಲದ ಮೇಲೆ ಹರಡಿ, ತಗ್ಗು ಸಿಕ್ಕ ಕಡೆ ನಿಲ್ಲುತ್ತದೆ. ಮಲಗುವ ಜಾಗ ಇರುವ, ಎಲ್ಲ ಬಾಗಿಲು ಮುಚ್ಚಿರುವ ಸಣ್ಣ ಗಾಡಿಯಲ್ಲಿ ಅದು ಎಷ್ಟು ಅಪಾಯ ಅಂತ ಬಿಡಿಸಿ ಹೇಳಬೇಕಿಲ್ಲ.

ಅದಕ್ಕೇ ಸಿಲಿಂಡರಿಗೆ ಬೇರೆಯದೇ ಗೂಡು ಇರುತ್ತದೆ. ಒಳ್ಳೆಯ ವ್ಯಾನಿನಲ್ಲಿ ಅದರ ಬಾಗಿಲು ತೆರೆಯುವುದು ಹೊರಗಿನಿಂದ. ವಾಸದ ಕಡೆಗೆ ಒಂದು ಸಂದೂ ಇರಬಾರದು. ತಳದಲ್ಲಿ ಮಾತ್ರ ಒಂದು ತೂತು, ಅದು ಸೀದಾ ಗಾಡಿಯ ಅಡಿಗೆ ತೆರೆದುಕೊಂಡಿರುತ್ತದೆ. ಸೋರಿದ ಗ್ಯಾಸ್ ತನ್ನ ಭಾರಕ್ಕೆ ತಾನೇ ಕೆಳಗಿಳಿದು ಹೊರಗೆ ಹೋಗಲಿ ಅಂತ. ಸಣ್ಣ ವ್ಯಾನುಗಳಲ್ಲಿ ಹೊರಗಿನ ಬಾಗಿಲಿಗೆ ಜಾಗ ಸಾಲದೆ, ಗೂಡಿನ ಬಾಗಿಲು ಒಳಗೇ ಇರುವುದೂ ಉಂಟು. ಆಗ ಬಾಗಿಲ ಸುತ್ತ ರಬ್ಬರ್ ಪಟ್ಟಿ ಗಟ್ಟಿಯಾಗಿ ಕೂರಬೇಕು. ಬಾಗಿಲ ಅಡಿ ಅಂಚು ಗೂಡಿನ ತಳಕ್ಕಿಂತ ಸ್ವಲ್ಪ ಮೇಲಿರಬೇಕು. ಹಾಗಿದ್ದರೆ ಬಾಗಿಲು ತೆರೆದಾಗಲೂ ತಳದಲ್ಲಿ ನಿಂತ ಗ್ಯಾಸ್ ಒಳಕ್ಕೆ ಹರಿಯುವುದಿಲ್ಲ. ಆ ರಬ್ಬರ್ ಪಟ್ಟಿ ಹರಿದಿದ್ದರೆ ಗೂಡು ಇದ್ದೂ ಇಲ್ಲದ ಹಾಗೆ.

ತಳದ ಆ ತೂತಿನಿಂದ ರಾತ್ರಿಯೆಲ್ಲ ತಣ್ಣನೆ ಗಾಳಿ ಬರುತ್ತದೆ ಅಂತ ಕೆಲವರು ಅದಕ್ಕೆ ಬಟ್ಟೆ ತುರುಕುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಹಿಮ ಬಿದ್ದ ರಾತ್ರಿಯಾದರೆ ಬೆಳಗ್ಗೆ ಎದ್ದು ಬಗ್ಗಿ ನೋಡಿ, ಮುಚ್ಚಿಕೊಂಡಿದ್ದರೆ ಬಿಡಿಸಿ. ಗ್ಯಾಸನ್ನು ಸುರಕ್ಷಿತವಾಗಿಡುವ ವ್ಯವಸ್ಥೆಯೇ ಅದನ್ನು ಚಳಿಯಲ್ಲಿಡುತ್ತದೆ. ಎರಡನ್ನೂ ಬೇರೆ ಬೇರೆ ಮಾಡಲು ಬರುವುದಿಲ್ಲ. ಸಿಲಿಂಡರ್ ಚಳಿಯಲ್ಲೇ ಇರುತ್ತದೆ ಅಂತ ಒಪ್ಪಿಕೊಂಡು, ಆ ಚಳಿಯಲ್ಲೂ ಕುದಿಯುವ ಪ್ರೊಪೇನನ್ನೇ ತುಂಬಿಸಿಕೊಳ್ಳುವುದು ಒಂದೇ ದಾರಿ.

ಗೂಡಿನೊಳಗೆ ಸಿಲಿಂಡರ್ ನೆಟ್ಟಗೆ ನಿಲ್ಲಬೇಕು, ಬೆಲ್ಟಿನಿಂದ ಬಿಗಿಯಬೇಕು. ಮಲಗಿಸಿದರೆ ಆವಿಯ ಬದಲು ದ್ರವವೇ ಪೈಪಿಗೆ ನುಗ್ಗುತ್ತದೆ. ದ್ರವ ಆವಿಯಾದರೆ ಸುಮಾರು 250 ಪಟ್ಟು ಹಿಗ್ಗುತ್ತದೆ. ಅಷ್ಟನ್ನು ರೆಗ್ಯುಲೇಟರ್ ತಡೆದುಕೊಳ್ಳಲಾರದು. ಮನೆಯಲ್ಲೂ ಅಷ್ಟೇ, ಕೊನೆಯ ಗ್ಯಾಸ್‌ಗಾಗಿ ಸಿಲಿಂಡರ್ ಮಲಗಿಸುವುದು ಬಲು ಕೆಟ್ಟ ಅಭ್ಯಾಸ.

ಲೆಕ್ಕಕ್ಕೆ ಬರೋಣ. ವ್ಯಾನುಗಳಲ್ಲಿ ತುಂಬ ಕಾಣುವ ಹೀಟರ್ ಜರ್ಮನಿಯ ಟ್ರೂಮಾ ಕಂಪನಿಯದು. ಅದರ ಕಾಂಬಿ 4 ಮಾದರಿ 2 ಕಿಲೋವ್ಯಾಟ್‌ನಲ್ಲಿ ಓಡುವಾಗ ಗಂಟೆಗೆ 160 ಗ್ರಾಂ ಗ್ಯಾಸ್ ತಿನ್ನುತ್ತದೆ, 4 ಕಿಲೋವ್ಯಾಟ್‌ನಲ್ಲಿ 320 ಗ್ರಾಂ. 6 ಕೆಜಿ ಪ್ರೊಪೇನ್ ಸಿಲಿಂಡರ್ ಕಡಿಮೆ ಉರಿಯಲ್ಲಿ ಬಿಡುವಿಲ್ಲದೆ ಓಡಿದರೆ 37 ಗಂಟೆ. ಹೈಲ್ಯಾಂಡ್ಸ್ ಲೆಕ್ಕದಲ್ಲಿ ಅದು ಎರಡು ರಾತ್ರಿ. ಜೋರು ಉರಿಯಲ್ಲಾದರೆ 19 ಗಂಟೆಗೇ ಮುಗೀತು. ಗಾಡಿ ಬೆಚ್ಚಗಾದ ಮೇಲೆ ಹೀಟರ್ ತಾನೇ ನಿಂತು ನಿಂತು ಓಡುವುದರಿಂದ ಸ್ವಲ್ಪ ಜಾಸ್ತಿ ಬರಬಹುದು. ಆದರೂ ಒಂದು ವಾರಕ್ಕೆ ಒಂದೇ ಸಿಲಿಂಡರ್ ಸಾಕು ಅಂತ ಹೊರಡುವುದು ತಪ್ಪು.

ಎಷ್ಟು ಉಳಿದಿದೆ ಅಂತ ತಿಳಿಯಲು ತೂಗುವುದೇ ನಂಬಿಕೆಯ ದಾರಿ. ಖಾಲಿ ಸಿಲಿಂಡರಿನ ತೂಕ ಅದರ ಮೇಲೆಯೇ ಬರೆದಿರುತ್ತದೆ. ಲಗೇಜು ತೂಗುವ ಕೈತಕ್ಕಡಿ ಸಾಕು. ಒದ್ದೆ ಬಟ್ಟೆಯಿಂದ ಒರೆಸಿ, ಎಲ್ಲಿ ಬೇಗ ಆರುತ್ತದೆ ನೋಡುವ ನಮ್ಮ ಅಡುಗೆಮನೆಯ ಉಪಾಯ ಅಲ್ಲಿನ ಚಳಿಯಲ್ಲಿ ನಡೆಯುವುದಿಲ್ಲ. ಬಟ್ಟೆಯ ನೀರೇ ಗಟ್ಟಿಯಾಗುತ್ತದೆ.

ಗ್ಯಾಸ್ ಮುಗಿಯುವುದು ಹೆಚ್ಚಾಗಿ ಬೆಳಗಿನ ಜಾವಕ್ಕೆ, ಚಳಿ ಜೋರಾಗಿದ್ದು ಹೀಟರ್ ಹೆಚ್ಚು ಓಡುವ ಹೊತ್ತಿಗೇ. ಹೊರಗೆ ಹೋಗಿ ಗೂಡು ತೆರೆಯಬೇಕು. ಬ್ರಿಟನ್ನಿನ ಪ್ರೊಪೇನ್ ಸಿಲಿಂಡರಿನ ನಟ್ಟು ಉಲ್ಟಾ ಮರೆಯದ್ದು (ಮರೆ ಅಂದರೆ ನಟ್ಟಿನೊಳಗಿನ ಥ್ರೆಡ್). ಬಿಚ್ಚಬೇಕಾದರೆ ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೇ ತಿರುಗಿಸಬೇಕು. ನಟ್ಟಿನ ಮೂಲೆಗಳಲ್ಲಿ ಸಣ್ಣ ಗೀರು ಇರುತ್ತದೆ, ಉಲ್ಟಾ ಮರೆ ಅನ್ನುವುದಕ್ಕೆ ಅದೇ ಗುರುತು. ಗೊತ್ತಿಲ್ಲದವರು ಮರಗಟ್ಟಿದ ಕೈಯಲ್ಲಿ ಪಾನಾ ಹಿಡಿದು, ಬಿಚ್ಚುತ್ತಿದ್ದೇನೆ ಅಂದುಕೊಂಡು ಇನ್ನಷ್ಟು ಬಿಗಿ ಮಾಡುತ್ತಾರೆ. ಹೊಸದು ಜೋಡಿಸಿದ ಮೇಲೆ ಸೋಪಿನ ನೀರು ಸವರಿ ಗುಳ್ಳೆ ಬರುತ್ತದಾ ನೋಡಬೇಕು. ಮೈಕೊರೆಯುವ ಚಳಿಯಲ್ಲಿ ಈ ಕೊನೆಯ ಕೆಲಸ ಬಿಟ್ಟುಬಿಡುವುದು ತುಂಬಾ ಸುಲಭ. ಅದಕ್ಕೇ ಎರಡು ಸಿಲಿಂಡರ್ ಇಟ್ಟು, ಒಂದು ಮುಗಿದಾಗ ಇನ್ನೊಂದಕ್ಕೆ ತಾನಾಗಿ ಹೊರಳುವ ರೆಗ್ಯುಲೇಟರ್ ಹಾಕಿಸಿರುವ ವ್ಯಾನು ಸಿಕ್ಕರೆ ಸ್ವಲ್ಪ ಹೆಚ್ಚು ದುಡ್ಡಾದರೂ ಅದನ್ನೇ ತೆಗೆದುಕೊಳ್ಳಿ. ಖಾಲಿಯಾದದ್ದನ್ನು ಬೆಳಕಿನಲ್ಲಿ, ನಿಧಾನವಾಗಿ ಬದಲಾಯಿಸಬಹುದು.

ಇನ್ನು ಒಳಗೆ ಬೆಚ್ಚಗಿರುವ ವಿಷಯ. ಇಲ್ಲಿ ಚಳಿಯಷ್ಟೇ ಕಾಟ ಕೊಡುವುದು ನೀರು. ಒಂದು ಕೆಜಿ ಪ್ರೊಪೇನ್ ಉರಿದರೆ ಸುಮಾರು 1.6 ಕೆಜಿ ನೀರು ಹುಟ್ಟುತ್ತದೆ. ಉರಿಯುವಾಗ ಗ್ಯಾಸಿನ ಹೈಡ್ರೋಜನ್ ಗಾಳಿಯ ಆಮ್ಲಜನಕದ ಜೊತೆ ಸೇರುವುದರಿಂದ ಹೀಗೆ. ವ್ಯಾನಿಗೆಂದೇ ಮಾಡಿದ ಹೀಟರ್ ಉರಿಯಲು ಬೇಕಾದ ಗಾಳಿಯನ್ನು ಹೊರಗಿನಿಂದಲೇ ತೆಗೆದುಕೊಂಡು ಹೊಗೆಯನ್ನೂ ಆವಿಯನ್ನೂ ಹೊರಗೇ ಬಿಡುತ್ತದೆ. ಒಳಗೆ ಬರುವುದು ಬರೀ ಬಿಸಿ ಗಾಳಿ. ಆದರೆ ಬೆಚ್ಚಗಾಗಲಿ ಅಂತ ಅಡುಗೆ ಒಲೆ ಹಚ್ಚಿಟ್ಟರೆ ಆ ನೀರೆಲ್ಲ ನಿಮ್ಮ ಹಾಸಿಗೆಗೇ. ನೀರಾದರೂ ಸಹಿಸಬಹುದು. ಮುಚ್ಚಿದ ಗಾಡಿಯಲ್ಲಿ ಆಮ್ಲಜನಕ ಕಮ್ಮಿಯಾದಂತೆ ಉರಿ ಕೆಟ್ಟು ಕಾರ್ಬನ್ ಮಾನಾಕ್ಸೈಡ್ ಬರುತ್ತದೆ. ಅದಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಮಲಗಿದವರಿಗೆ ಎಚ್ಚರವೇ ಆಗುವುದಿಲ್ಲ. ಒಳಗೆ ತಂದಿಟ್ಟ ಕೆಂಡದ ಒಲೆಯೂ ಇದೇ ರೀತಿ ಜೀವ ತೆಗೆಯುತ್ತದೆ, ಆರಿದಂತೆ ಕಂಡ ಮೇಲೂ. ಒಲೆ ಇರುವುದು ಅಡುಗೆಗೆ, ಅಷ್ಟೇ.

ಅಡುಗೆಯ ಹಬೆಯ ಜೊತೆಗೆ ಮಲಗಿದವರ ಉಸಿರಿನ ತೇವವೂ ಸೇರುತ್ತದೆ. ತಣ್ಣನೆ ನೀರಿನ ಚೊಂಬು ಬೆವರುವ ಹಾಗೆ ವ್ಯಾನಿನ ಗಾಜು, ತಗಡು ಎಲ್ಲ ಬೆವರುತ್ತವೆ. ಮುಂದಿನ ಗಾಜಿಗೆ ದಪ್ಪ ಹೊದಿಕೆಯನ್ನು ಹೊರಗಿನಿಂದ ಹಾಕಿದರೆ ಗಾಜೇ ಸ್ವಲ್ಪ ಬೆಚ್ಚಗಿರುತ್ತದೆ, ಹನಿ ಕಮ್ಮಿ. ಒಳಗಿನಿಂದ ಹಾಕಿದರೆ ಗಾಜು ಇನ್ನೂ ತಣ್ಣಗಾಗಿ, ಹೊದಿಕೆಯ ಹಿಂದೆ ನೀರಿಳಿಯುತ್ತದೆ.

ತೇವ ಹೋಗಿಸಲು ಚಾವಣಿಯ ಕಿಂಡಿ ಸ್ವಲ್ಪ ತೆಗೆದಿಡಿ ಅಂದರೆ ಯಾರೂ ಒಪ್ಪುವುದಿಲ್ಲ. ಹೊರಗೆ ಮಳೆ, ಮಂಜು, ಅದೇ ಒಳಗೆ ಬರುತ್ತಲ್ಲ ಅನ್ನುತ್ತಾರೆ. ಅಂಕಿ ಬೇರೆಯದೇ ಹೇಳುತ್ತದೆ. ಸೊನ್ನೆ ಡಿಗ್ರಿಯ ಗಾಳಿ ಎಷ್ಟೇ ತೇವ ಕುಡಿದಿದ್ದರೂ ಒಂದು ಘನ ಮೀಟರಿನಲ್ಲಿ 5 ಗ್ರಾಂ ಆವಿಯಷ್ಟೇ ಹಿಡಿಯಬಲ್ಲದು. 20 ಡಿಗ್ರಿಯ ಗಾಳಿ 17 ಗ್ರಾಂ ಹಿಡಿಯುತ್ತದೆ. ಹೊರಗಿನ ಗಾಳಿ ಒಳಗೆ ಬಂದು ಬಿಸಿಯಾದಾಗ ಅದು ಒಣ ಗಾಳಿ. ಒಳಗಿನ ತೇವ ಹೀರಿಕೊಂಡು ಕಿಂಡಿಯಿಂದ ಆಚೆ ಹೋಗುತ್ತದೆ. ಸ್ವಲ್ಪ ಹೀಟರ್, ಸ್ವಲ್ಪ ಕಿಂಡಿ, ಎರಡೂ ಒಟ್ಟಿಗೆ ಇರಬೇಕು. ಗ್ಯಾಸ್ ಸ್ವಲ್ಪ ಜಾಸ್ತಿ ಖರ್ಚಾಗುತ್ತದೆ, ನಿಜ. ಹಾಸಿಗೆ ಒಣಗಿರುತ್ತದೆ.

ಗ್ಯಾಸಿನ ತಂಟೆಯೇ ಬೇಡ ಅಂತ ಡೀಸೆಲ್ ಹೀಟರ್ ಹಾಕಿಸುವವರೂ ಬಹಳ. ಗಾಡಿಯ ಟ್ಯಾಂಕಿನಿಂದಲೇ ಡೀಸೆಲ್ ಎಳೆದುಕೊಳ್ಳುತ್ತದೆ, ಸಿಲಿಂಡರ್ ಬರೀ ಅಡುಗೆಗೆ ಉಳಿಯುತ್ತದೆ. ಆದರೆ ಅದು ಹೊತ್ತಿಕೊಳ್ಳುವಾಗ ಬ್ಯಾಟರಿಯನ್ನು ಜೋರಾಗಿ ಎಳೆಯುತ್ತದೆ. ಚಳಿಯಲ್ಲಿ ಬ್ಯಾಟರಿಯ ಬಲವೂ ಕುಗ್ಗಿರುತ್ತದೆ.

ಬಾಡಿಗೆ ವ್ಯಾನಿನ ಕೀಲಿ ಈಸಿಕೊಳ್ಳುವಾಗ, ಗೂಡು ತೆರೆದು ಸಿಲಿಂಡರಿನ ಬಣ್ಣ ನೋಡಿ. ಪಾನಾ ಎಲ್ಲಿದೆ ಕೇಳಿ, ಒಮ್ಮೆ ನೀವೇ ಬಿಚ್ಚಿ ಹಾಕಿ. ಗ್ಯಾಸ್ ಸೋರಿಕೆಯ ಅಲಾರಂ ನೆಲದ ಹತ್ತಿರ, ಕಾರ್ಬನ್ ಮಾನಾಕ್ಸೈಡ್ ಅಲಾರಂ ಮಲಗುವ ಎತ್ತರದಲ್ಲಿ ಇದೆಯಾ ನೋಡಿ, ಎರಡರ ಬಟನ್ನನ್ನೂ ಒತ್ತಿ ಶಬ್ದ ಕೇಳಿಸಿಕೊಳ್ಳಿ. ನೀರು ಕಾಯಿಸುವ ಬಾಯ್ಲರಿನ ಪಕ್ಕದಲ್ಲಿ ಒಂದು ಪುಟ್ಟ ವಾಲ್ವ್ ಇರುತ್ತದೆ. ಅದರ ಸುತ್ತ ಉಷ್ಣಾಂಶ 3 ಡಿಗ್ರಿಗೆ ಇಳಿದರೆ, ನೀರು ಗಟ್ಟಿಯಾಗಿ ಬಾಯ್ಲರ್ ಒಡೆಯದಿರಲಿ ಅಂತ, ಅದು ತಾನಾಗಿ ತೆರೆದುಕೊಂಡು ನೀರೆಲ್ಲ ಹೊರಗೆ ಚೆಲ್ಲುತ್ತದೆ. ಗ್ಯಾಸ್ ಮುಗಿದ ರಾತ್ರಿ ಹೀಗಾದರೆ ಬೆಳಗ್ಗೆ ಕಾಫಿಗೂ ನೀರಿರುವುದಿಲ್ಲ, ವಾಲ್ವ್ ಸುತ್ತಲಿನ ಜಾಗ 7 ಡಿಗ್ರಿ ದಾಟುವ ತನಕ ಅದನ್ನು ಮುಚ್ಚಲೂ ಆಗುವುದಿಲ್ಲ. ಐದು ಲೀಟರಿನ ಒಂದು ಕ್ಯಾನ್ ನೀರನ್ನು ಹಾಸಿಗೆಯ ಪಕ್ಕ, ಬೆಚ್ಚಗಿರುವ ಕಡೆ, ಬೇರೆಯೇ ಇಟ್ಟುಕೊಂಡಿರಿ.