ಪುಟ್ಟ ಸ್ಟೇನ್‌ಲೆಸ್ ಸ್ಕ್ರೂಗಳ ತಲೆ ಕಿತ್ತುಬರುವುದೇಕೆ?

ಪ್ರಶ್ನೆ: ನಾನೇ ಮಾಡಿದ ಚಿಕ್ಕ ಪ್ಲಾಸ್ಟಿಕ್ ಪೆಟ್ಟಿಗೆಗೆ ಮುಚ್ಚಳ ಕೂರಿಸಲು 2 ಮಿ.ಮೀ. ಸ್ಟೇನ್‌ಲೆಸ್ ಸ್ಟೀಲ್ ಸೆಲ್ಫ್ ಟ್ಯಾಪಿಂಗ್ ಸ್ಕ್ರೂ ತಂದೆ. ಕೆಲವದರ ತಲೆ ತಿರುಗಿಸುವಾಗಲೇ ಕಿತ್ತುಬಂತು. ಇನ್ನು ಕೆಲವು ಹಿಡಿತವೇ ಸಿಗದೆ ಸುಮ್ಮನೆ ಸುತ್ತುತ್ತಿವೆ. ಸ್ಟೇನ್‌ಲೆಸ್ ಅಂದರೆ ಗಟ್ಟಿ ಅಲ್ಲವೇ? ಯಾವ ಸ್ಕ್ರೂ ತರಬೇಕಿತ್ತು?

ಉತ್ತರ: ತಲೆ ಕಿತ್ತುಬಂದ ಕಡೆ ತೂತು ಸಣ್ಣದಾಗಿತ್ತು, ಸುಮ್ಮನೆ ಸುತ್ತಿದ ಕಡೆ ದೊಡ್ಡದಾಗಿತ್ತು. ಎರಡೂ ತೊಂದರೆಗೆ ಬಹುಪಾಲು ಇಷ್ಟೇ ಕಾರಣ. ಈ ಅಳತೆಯಲ್ಲಿ 0.2 ಮಿ.ಮೀ. ಆಚೀಚೆಯಾದರೂ ಕೆಲಸ ಕೆಡುತ್ತದೆ. ತೂತಿನ ಲೆಕ್ಕಕ್ಕೆ ಬರುತ್ತೇನೆ, ಮೊದಲು ಆ ‘ಗಟ್ಟಿ’ಯ ವಿಚಾರ ಮುಗಿಸಿಬಿಡೋಣ.

ಸ್ಟೇನ್‌ಲೆಸ್ ಸ್ಟೀಲ್ ತುಕ್ಕನ್ನು ತಡೆಯುವುದರಲ್ಲಿ ಜಾಣ, ತಿರುಚುವ ಬಲದ ಮುಂದೆ ಅಂಥ ಗಟ್ಟಿಗನೇನಲ್ಲ. ಮಾಮೂಲಿ ಕಪ್ಪು ಅಥವಾ ಸತುವಿನ ಲೇಪದ ಸೆಲ್ಫ್ ಟ್ಯಾಪಿಂಗ್ ಸ್ಕ್ರೂಗಳು ಕಾರ್ಬನ್ ಸ್ಟೀಲಿನವು. ಅವನ್ನು ಕಾಯಿಸಿ ಮೇಲ್ಮೈ ಗಡಸು ಮಾಡಿರುತ್ತಾರೆ, ಹಾಗಾಗಿ ತಗಡಿನಲ್ಲೂ ತಮ್ಮ ದಾರಿ ತಾವೇ ಮಾಡಿಕೊಳ್ಳುತ್ತವೆ. ಪ್ಯಾಕೆಟ್ ಮೇಲೆ 304 ಅಥವಾ ಎ2 ಎಂದಿರುವ ಸ್ಟೇನ್‌ಲೆಸ್‌ಗೆ ಆ ಉಪಚಾರ ನಡೆಯುವುದಿಲ್ಲ, ಕಾಯಿಸಿ ತಣಿಸಿದರೆ ಅದು ಗಡಸಾಗುವ ಜಾತಿಯದಲ್ಲ. 410 ಎಂಬ ಬಗೆ ಗಡಸಾಗುತ್ತದೆ, ಆದರೆ ಒದ್ದೆ ಜಾಗದಲ್ಲಿ 304ಕ್ಕಿಂತ ಬೇಗ ತುಕ್ಕು ಹಿಡಿಯುತ್ತದೆ. ಉಪ್ಪುಗಾಳಿಗೆ ಒಡ್ಡಿಕೊಳ್ಳುವ ಕೆಲಸವಾದರೆ ಮಾಲಿಬ್ಡಿನಂ ಸೇರಿಸಿದ 316, ಅಂದರೆ ಎ4, ಹುಡುಕಿ. ಪೆಟ್ಟಿಗೆ ಮನೆಯೊಳಗೆ ಒಣಗಿದ ಕಡೆ ಇರುವುದಾದರೆ ನಿಮಗೆ ಸ್ಟೇನ್‌ಲೆಸ್ ಬೇಕೇ ಬೇಕು ಅಂತ ನನಗನ್ನಿಸುವುದಿಲ್ಲ.

ಅಯಸ್ಕಾಂತ ಹಿಡಿದು ಅಸಲಿ, ನಕಲಿ ಎಂದು ತೀರ್ಪು ಕೊಡುವವರಿದ್ದಾರೆ. 410 ಗಟ್ಟಿಯಾಗಿ ಅಂಟಿಕೊಳ್ಳುವುದು ನಿಜ. ಆದರೆ 304 ತಂತಿಯನ್ನು ಒತ್ತಿ ಸ್ಕ್ರೂ ಮಾಡುವಾಗ ಅದಕ್ಕೂ ಸ್ವಲ್ಪ ಕಾಂತಗುಣ ಬರಬಹುದು, ಆದ್ದರಿಂದ ತುಸು ಸೆಳೆತ ಕಂಡ ಮಾತ್ರಕ್ಕೆ ಅಂಗಡಿಯವನ ಮೇಲೆ ಹರಿಹಾಯಬೇಡಿ. ಬೇರೆ ಫಜೀತಿ ಏನೆಂದರೆ, ಅಯಸ್ಕಾಂತದ ತುದಿಯ ಸ್ಕ್ರೂಡ್ರೈವರ್ 304 ಸ್ಕ್ರೂವನ್ನು ಸಾಮಾನ್ಯವಾಗಿ ಎತ್ತಿ ಹಿಡಿಯುವುದಿಲ್ಲ. ಬಿಟ್‌ನ ತುದಿಗೆ ಚೂರು ಮೇಣ ಮೆತ್ತಿಕೊಂಡರೆ ಸ್ಕ್ರೂ ಅಲ್ಲೇ ನಿಲ್ಲುತ್ತದೆ. ಅದೇ ಮೇಣ ಥ್ರೆಡ್‌ಗೆ, ಅಂದರೆ ಸ್ಕ್ರೂ ಮೈಮೇಲಿನ ಸುರುಳಿ ಏಣಿಗೆ, ತಾಗಿ ತಿರುಗಿಸುವ ಶ್ರಮವನ್ನೂ ಕಡಿಮೆ ಮಾಡುತ್ತದೆ.

ಸ್ಕ್ರೂ ಸಣ್ಣದಾದಂತೆ ಅದರ ಬಲ ಎಷ್ಟು ಬೇಗ ಕುಸಿಯುತ್ತದೆ ಎಂಬುದು ಹೆಚ್ಚಿನವರ ಅಂದಾಜಿಗೆ ಬರುವುದಿಲ್ಲ. ತಿರುಚನ್ನು ತಡೆದುಕೊಳ್ಳುವ ಶಕ್ತಿ ವ್ಯಾಸದ ಘನಕ್ಕೆ ತಕ್ಕಂತೆ ಏರುತ್ತದೆ, ಇಳಿಯುತ್ತದೆ. ವ್ಯಾಸ ಅರ್ಧವಾದರೆ ಶಕ್ತಿ ಎಂಟನೇ ಒಂದು ಪಾಲು. ಅದೂ ಹೊರವ್ಯಾಸ ಕೆಲಸಕ್ಕೆ ಬರುವುದಿಲ್ಲ, ಥ್ರೆಡ್ ಬಿಟ್ಟು ಒಳಗೆ ಉಳಿಯುವ ದಿಂಡೇ ಲೆಕ್ಕ. 2.2 ಮಿ.ಮೀ. ಸ್ಕ್ರೂನಲ್ಲಿ ಅದು ಸುಮಾರು 1.6 ಮಿ.ಮೀ. ಮಾತ್ರ. ಹಾಗಾಗಿ ಜಾಗವಿದ್ದರೆ 2ರ ಬದಲು 2.6 ಹಾಕಿ. ನೋಡಲು ಅಷ್ಟೇನೂ ದಪ್ಪವಾಗಿ ಕಾಣದು, ತಡೆಯುವ ಶಕ್ತಿ ಮಾತ್ರ ಎರಡು ಪಟ್ಟು ದಾಟುತ್ತದೆ.

ಈಗ ತೂತು. ಎಬಿಎಸ್‌ನಂಥ ಪ್ಲಾಸ್ಟಿಕ್‌ಗೆ ಸ್ಕ್ರೂನ ಹೊರವ್ಯಾಸದ ಶೇ. 80ರಷ್ಟು ತೂತು ಒಳ್ಳೆಯ ಆರಂಭ: 2ಕ್ಕೆ 1.6, 2.6ಕ್ಕೆ 2.1, 3ಕ್ಕೆ 2.4 ಮಿ.ಮೀ. ಮೆತ್ತನೆಯ ಪ್ಲಾಸ್ಟಿಕ್‌ಗೆ ಇದಕ್ಕಿಂತ ಒಂದಿಷ್ಟು ಕಿರಿದು, ಗಾಜಿನ ನಾರು ಬೆರೆತ ಗಡಸು ಪ್ಲಾಸ್ಟಿಕ್‌ಗೆ ಒಂದಿಷ್ಟು ಹಿರಿದು. ಅದೇ ಪ್ಲಾಸ್ಟಿಕ್‌ನ ಬೇಡದ ತುಂಡಿನಲ್ಲಿ 0.1 ಮಿ.ಮೀ. ಅಂತರದ ಮೂರು ತೂತು ಕೊರೆದು ತಿರುಗಿಸಿ ನೋಡಿದರೆ ಯಾವ ಕೋಷ್ಟಕವೂ ಬೇಡ. ಸ್ಕ್ರೂ ಇಳಿಯಲೆಂದು ಪೆಟ್ಟಿಗೆಯೊಳಗೆ ನಿಲ್ಲಿಸಿರುವ, ತೂತಿನ ಸುತ್ತಲ ಪ್ಲಾಸ್ಟಿಕ್ ಕಂಬದ ಹೊರವ್ಯಾಸ ಸ್ಕ್ರೂನ ಎರಡು ಪಟ್ಟಾದರೂ ಇರಲಿ, ಇಲ್ಲದಿದ್ದರೆ ಅದು ಸೀಳುತ್ತದೆ. ಥ್ರೆಡ್ ಪ್ಲಾಸ್ಟಿಕ್ ಒಳಗೆ ವ್ಯಾಸದ ಎರಡರಿಂದ ಎರಡೂವರೆ ಪಟ್ಟು ಇಳಿದರೆ ಸಾಕು. ತೂತು ಅದಕ್ಕಿಂತ ತುಸು ಆಳವಿರಬೇಕು. ಸ್ಕ್ರೂ ತಳ ಮುಟ್ಟಿದ ಮೇಲೂ ತಿರುಗಿಸುತ್ತಾ ಹೋದರೆ ತಲೆ ಹಾರುವುದು ಖಂಡಿತ.

ಬಹಳ ಮಂದಿ ಮರೆಯುವುದು ಮುಚ್ಚಳದ ತೂತನ್ನು. ಅದರಲ್ಲಿ ಸ್ಕ್ರೂ ಸಲೀಸಾಗಿ ತೂರಬೇಕು, 2 ಮಿ.ಮೀ. ಸ್ಕ್ರೂಗೆ 2.3 ಮಿ.ಮೀ. ಇರಲಿ. ಮುಚ್ಚಳವನ್ನೂ ಕಂಬವನ್ನೂ ಒಂದೇ ಬಿಟ್‌ನಲ್ಲಿ ಕೊರೆದರೆ ಥ್ರೆಡ್ ಎರಡನ್ನೂ ಕಚ್ಚಿಕೊಂಡು, ನಡುವೆ ಬಿಟ್ಟ ಸಂದಿಯನ್ನು ಹಾಗೇ ಕಾಯುತ್ತದೆ. ಆಗ ಸಂದಿ ಮುಚ್ಚಲೆಂದು ನೀವು ಇನ್ನಷ್ಟು ಬಿಗಿಯುತ್ತೀರಿ, ಸ್ಕ್ರೂ ಮುರಿಯುತ್ತದೆ.

ಇನ್ನು ಆಕಾರ. ಪ್ಯಾಕೆಟ್‌ಗಳ ಮೇಲೆ ಪಿಎ, ಪಿಬಿ, ಕೆಎ, ಕೆಬಿ ಎಂಬ ಗುರುತು ಕಾಣಬಹುದು. ಪಿ ಎಂದರೆ ಪ್ಯಾನ್ ಹೆಡ್ (ಮೇಲೆ ಉಬ್ಬಿ, ಅಡಿ ಚಪ್ಪಟೆಯಾಗಿರುವ ತಲೆ), ಕೆ ಎಂದರೆ ಮೇಲ್ಮೈಗೆ ಸಮನಾಗಿ ಇಳಿಯುವ ಸಿಎಸ್‌ಕೆ ತಲೆ. ಎ ಚೂಪು ತುದಿ, ಬಿ ಮೊಂಡು ತುದಿ. ಮೊದಲೇ ಕೊರೆದ ಪ್ಲಾಸ್ಟಿಕ್ ತೂತಿಗೆ ಪಿಬಿ ನನ್ನ ಆಯ್ಕೆ: ಇದ್ದ ಉದ್ದವೆಲ್ಲ ಥ್ರೆಡ್ ಆಗಿ ಕೆಲಸ ಮಾಡುತ್ತದೆ. ಮರಕ್ಕೂ ತೆಳು ತಗಡಿಗೂ ಚೂಪು ತುದಿ ಅನುಕೂಲ. ಸಿಎಸ್‌ಕೆ ತಲೆ ಬೆಣೆಯ ಹಾಗೆ ಅಗಲಿಸುತ್ತದೆ, ತೆಳು ಮುಚ್ಚಳದ ಅಂಚಿನಲ್ಲಿ ಅದನ್ನು ಹಾಕಬೇಡಿ. ಉದ್ದ ಅಳೆಯುವ ರೀತಿಯೂ ಬೇರೆ: ಪ್ಯಾನ್ ಹೆಡ್‌ನಲ್ಲಿ ತಲೆಯ ಕೆಳಗಿನಿಂದ, ಸಿಎಸ್‌ಕೆಯಲ್ಲಿ ತಲೆಯೂ ಸೇರಿ.

ತಗಡಿನ ಕೆಲಸದಲ್ಲಿ ತಗಡಿನ ದಪ್ಪ ಸ್ಕ್ರೂನ ಒಂದು ಸುತ್ತಿನ ಅಂತರಕ್ಕಿಂತ ಹೆಚ್ಚಿರಬೇಕು. 2.2 ಮಿ.ಮೀ. ಸ್ಕ್ರೂನಲ್ಲಿ ಆ ಅಂತರ 0.8 ಮಿ.ಮೀ., ಅರ್ಧ ಮಿ.ಮೀ. ತಗಡು ಅದಕ್ಕೆ ಸಾಲದು. 304 ಸ್ಕ್ರೂವನ್ನು ಉಕ್ಕಿನ ತಗಡಿಗೆ ಹಾಕಲೇಬೇಕಾದರೆ ಮೊದಲು ಅದೇ ಅಳತೆಯ, ಅದೇ ಥ್ರೆಡ್‌ನ ಗಡಸು ಕಾರ್ಬನ್ ಸ್ಟೀಲ್ ಸ್ಕ್ರೂ ಇಳಿಸಿ ದಾರಿ ಮಾಡಿ, ಅದನ್ನು ತೆಗೆದು ಸ್ಟೇನ್‌ಲೆಸ್ ಹಾಕಿ. ಗಟ್ಟಿ ಮರದಲ್ಲೂ ಇದೇ ಉಪಾಯ ನಡೆಯುತ್ತದೆ. ಅಲ್ಯೂಮಿನಿಯಂ ಆದರೆ ಒದ್ದೆ, ಉಪ್ಪು ಸೇರುವ ಕಡೆ ಸ್ಟೇನ್‌ಲೆಸ್ ಚೆನ್ನಾಗಿಯೇ ಉಳಿದು ಸುತ್ತಲ ಅಲ್ಯೂಮಿನಿಯಂ ಸವೆಯುತ್ತದೆ. ಅಕ್ರಿಲಿಕ್‌ಗೆ ಈ ಸ್ಕ್ರೂಗಳು ಬೇಡವೇ ಬೇಡ, ಬಿರುಕು ಬಿಡುತ್ತದೆ. 3ಡಿ ಪ್ರಿಂಟ್ ಮಾಡಿದ ಭಾಗವಾದರೆ ಪದರಗಳಿಗೆ ಅಡ್ಡಲಾಗಿ ಸ್ಕ್ರೂ ಇಳಿಸಿ, ಪದರಗಳ ಸಂದಿಗೆ ಸಮಾನಾಂತರವಾಗಿ ತೂರಿಸಿದರೆ ಅವು ಬಿಟ್ಟುಕೊಳ್ಳುತ್ತವೆ.

ಮುಚ್ಚಳ ಮತ್ತೆ ಮತ್ತೆ ತೆಗೆಯುವವರು ಒಂದು ಅಭ್ಯಾಸ ಮಾಡಿಕೊಳ್ಳಿ. ಸ್ಕ್ರೂವನ್ನು ತೂತಿನಲ್ಲಿ ಇಟ್ಟು ಮೊದಲು ಹಿಂದಕ್ಕೆ ತಿರುಗಿಸಿ. ಒಂದು ಕಡೆ ‘ಟಕ್’ ಎಂದು ಕೆಳಗೆ ಬೀಳುವುದು ಬೆರಳಿಗೆ ತಿಳಿಯುತ್ತದೆ. ಹಳೆಯ ಥ್ರೆಡ್ ಸಿಕ್ಕಿತು, ಅಲ್ಲಿಂದ ಮುಂದಕ್ಕೆ ಬಿಗಿಯಿರಿ. ಪ್ರತಿ ಸಲ ಹೊಸ ಥ್ರೆಡ್ ಕೊರೆಯುತ್ತಾ ಹೋದರೆ ಪ್ಲಾಸ್ಟಿಕ್ ಪುಡಿಯಾಗಿ ಹಿಡಿತ ಹೋಗುತ್ತದೆ. ವಾರಕ್ಕೊಮ್ಮೆ ತೆಗೆಯುವಂಥದ್ದಾದರೆ ಹಿತ್ತಾಳೆಯ ಇನ್ಸರ್ಟ್ (ಒಳಗೆ ಥ್ರೆಡ್ ಇರುವ ಪುಟ್ಟ ಕೊಳವೆ) ಕೂರಿಸಿ, ನಟ್‌ಗೆ ಹಾಕುವಂಥ ಮಷೀನ್ ಸ್ಕ್ರೂ ಹಾಕುವುದೇ ಮೇಲು. ಕೈಯಲ್ಲೇ ತಿರುಗಿಸಿ, ಡ್ರಿಲ್ ಮಷೀನ್ ಬೇಡ. ಸ್ಟಾರ್ ತಲೆಗೆ, ಅಂದರೆ ಕೂಡುವ ಚಿಹ್ನೆಯಂಥ ಸೀಳಿರುವ ಫಿಲಿಪ್ಸ್ ತಲೆಗೆ, ಸರಿಯಾಗಿ ಕೂರುವ ಬಿಟ್ ಬೇಕು, 2 ಮಿ.ಮೀ. ಆಸುಪಾಸಿಗೆ ಸಾಮಾನ್ಯವಾಗಿ ಪಿಎಚ್0 ಅಥವಾ ಪಿಎಚ್00.

ಈಗಾಗಲೇ ಕೆಟ್ಟಿರುವ ತೂತುಗಳ ಗತಿ? ಸುಮ್ಮನೆ ಸುತ್ತುವಲ್ಲಿ ಕಂಬದ ದಪ್ಪ ಸಾಕಷ್ಟಿದ್ದರೆ 2.3 ಅಥವಾ 2.6 ಮಿ.ಮೀ. ಸ್ಕ್ರೂ ಹಾಕಿ, ಹಿಡಿಯುತ್ತದೆ. ತಲೆ ಹೋಗಿ ದಿಂಡು ಒಳಗೇ ಉಳಿದ ಕಡೆ, ಅದರ ತುದಿ ತುಸು ಮೇಲಿದ್ದರೆ, ಸೋಲ್ಡರಿಂಗ್ ಕಬ್ಬಿಣವನ್ನು ಅದಕ್ಕೆ ಕೆಲವು ಸೆಕೆಂಡು ತಾಗಿಸಿ. ಸುತ್ತಲ ಪ್ಲಾಸ್ಟಿಕ್ ಮೆತ್ತಗಾದಾಗ ಮೂತಿ ಚೂಪಾದ ಇಕ್ಕಳದಿಂದ ತಿರುಗಿಸಿ ಹೊರಗೆ ತೆಗೆಯಬಹುದು. ಕಿಟಕಿ ತೆರೆದಿಟ್ಟುಕೊಳ್ಳಿ, ಆ ಹೊಗೆ ಒಳ್ಳೆಯದಲ್ಲ. ಆ ತೂತು ದೊಗಳೆಯಾಗಿರುತ್ತದೆ, ಅದನ್ನು ಇನ್ಸರ್ಟ್‌ಗೇ ಬಿಟ್ಟುಕೊಡಿ.